ಕುಡಿತ ಬಿಡುವಾಗ ಸಿಗರೇಟನ್ನು ಏನು ಮಾಡಬೇಕು?

"ಮೊದಲು ಕುಡಿತ ಬಿಡಲಿ, ಸಿಗರೇಟಿನ ವಿಷಯ ಆಮೇಲೆ ನೋಡೋಣ." ಒಳ್ಳೆಯ ಮನಸ್ಸಿನಿಂದ ಕೊಡುವ ಈ ಸಲಹೆ ಜೀವಕ್ಕೇ ಎರವಾಗಬಹುದು. ಅಮೆರಿಕದ ಮಿನ್ನೆಸೋಟಾದಲ್ಲಿ ವ್ಯಸನಕ್ಕೆ ಚಿಕಿತ್ಸೆ ಪಡೆದಿದ್ದ 845 ಜನರ ಮೇಲಿನ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಅವರಲ್ಲಿ ಸತ್ತವರ ಪೈಕಿ ಸುಮಾರು ಅರ್ಧದಷ್ಟು ಜನರ ಸಾವಿಗೆ ತಂಬಾಕು ಕಾರಣವಾಗಿತ್ತು. ಮದ್ಯದ ಪಾಲು ಮೂರನೇ ಒಂದರಷ್ಟು.

ಮದ್ಯ ಮತ್ತು ತಂಬಾಕಿನಲ್ಲಿರುವ ನಿಕೋಟಿನ್, ಇವೆರಡೂ ಮೆದುಳಿನ ಒಂದೇ ದಾರಿಯಲ್ಲಿ ಡೋಪಮಿನ್ ಎಂಬ, ಖುಷಿ-ಬಯಕೆಗೆ ಸಂಬಂಧಿಸಿದ ರಾಸಾಯನಿಕವನ್ನು ಏರಿಸುತ್ತವೆ. ನಿಕೋಟಿನ್ ಅಂಟಿಕೊಳ್ಳುವ ನರಕೋಶದ ಗ್ರಾಹಕಗಳ (ರಿಸೆಪ್ಟರ್) ಮೇಲೆ ಮದ್ಯವೂ ಪರಿಣಾಮ ಬೀರುತ್ತದೆ. ವರ್ಷಗಟ್ಟಲೆ ಕುಡಿಯುತ್ತಾ ಸೇದಿದವರಿಗೆ ಒಂದರ ವಾಸನೆ ಸಾಕು, ಇನ್ನೊಂದು ಬೇಕೆನಿಸುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿಯುವುದರಿಂದ ಸೇದುವವರಿಗೆ ದಿನಕ್ಕೆ ಹಲವು ಸಲ ಚಡಪಡಿಕೆ, ಸಿಡಿಮಿಡಿ ಕಾಡುತ್ತದೆ. ಕುಡಿತ ಬಿಟ್ಟವರು ಇದನ್ನೇ ಮದ್ಯದ ತುಡಿತವೆಂದು ತಿಳಿಯುವುದುಂಟು. ಸಿಗರೇಟು ಹಚ್ಚಿದರೆ ಆರಾಮ ಎನಿಸುತ್ತದೆ, ನಿಜ. ಆದರೆ ಅದು ತಣಿಸುವುದು ಹಿಂದಿನ ಸಿಗರೇಟು ಹುಟ್ಟಿಸಿದ ಸಂಕಟವನ್ನು.

ಹಾಗೆಂದು ಎರಡನ್ನೂ ಒಂದೇ ದಿನ ಕೈಬಿಡಿ ಎನ್ನಲಾರೆ. ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು, 2ರಿಂದ 4 ದಿನಗಳಲ್ಲಿ ಸನ್ನಿ ಹಿಡಿಯಬಹುದು. ಆ ದಿನಗಳು ವೈದ್ಯರ ಕಣ್ಗಾವಲಿನಲ್ಲೇ ಕಳೆಯಬೇಕು. ಆಗ ಸಿಗರೇಟು ಬಿಡಲು ಕೊಡುವ ಬುಪ್ರೊಪಿಯಾನ್ ಮಾತ್ರೆ ಬೇಡವೇ ಬೇಡ, ಅದು ಫಿಟ್ಸ್ ಅಪಾಯವನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಅಂಟಿಸಿಕೊಂಡು ನಿಕೋಟಿನ್ ಪಡೆಯುವ ಪ್ಯಾಚ್‌ಗೆ ಆ ತೊಂದರೆಯಿಲ್ಲ. ವೈದ್ಯರು ಒಪ್ಪಿದರೆ ಅದನ್ನು ಆಗಲೇ ಶುರುಮಾಡಿ, ದೇಹ ಹತೋಟಿಗೆ ಬಂದ ಮೇಲೆ, ತಿಂಗಳುಗಟ್ಟಲೆ ಮುಂದೂಡದೆ, ಸಿಗರೇಟು ಬಿಡುವ ದಿನ ಗೊತ್ತುಮಾಡುವುದು ಮೇಲು.

ಪ್ಯಾಚ್‌ನ ಪ್ರಮಾಣ ಸಾಲದಿದ್ದರೆ ತುಡಿತ ತಡೆಯುವುದು ಕಷ್ಟ. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ ಸಾಮಾನ್ಯವಾಗಿ 21 ಮಿ.ಗ್ರಾಂ. ಪ್ಯಾಚ್ 6 ವಾರ, ಆಮೇಲೆ 14 ಮತ್ತು 7 ಮಿ.ಗ್ರಾಂ. ತಲಾ 2 ವಾರ. ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆದಿಡಿ. ನಡುವೆ ಏಳುವ ತುಡಿತಕ್ಕೆ ನಿಕೋಟಿನ್ ಗಮ್ ಜೊತೆಗಿರಲಿ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ 4 ಮಿ.ಗ್ರಾಂ., ಉಳಿದವರಿಗೆ 2. ಇದನ್ನು ಸಾಮಾನ್ಯ ಚೂಯಿಂಗ್ ಗಮ್‌ನಂತೆ ಜಗಿಯುತ್ತಲೇ ಇದ್ದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಅಷ್ಟೇ ಸಿಗುವುದು. ಚುರುಗುಟ್ಟುವವರೆಗೆ ಮೆಲ್ಲಗೆ ಜಗಿದು, ಕೆನ್ನೆಯ ಒಳಬದಿಗೆ ಒತ್ತರಿಸಿಡಿ. ಚುರುಕು ಇಳಿದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದಲೇ ಕಾಫಿ, ಹಣ್ಣಿನ ರಸ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಹೀರಿಕೆಯಾಗದು.

ಕಾಫಿಯದು ಇನ್ನೊಂದು ಕಿತಾಪತಿ. ಹೊಗೆಯಲ್ಲಿನ ರಾಸಾಯನಿಕಗಳು ಯಕೃತ್ತು ಕೆಫೀನನ್ನು ಬೇಗ ಕರಗಿಸುವಂತೆ ಮಾಡಿರುತ್ತವೆ. ಸೇದುವುದು ನಿಂತ ಮೇಲೆ ಅಷ್ಟೇ ಕಾಫಿಗೆ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಎದೆ ಡವಡವ, ನಿದ್ದೆಯಿಲ್ಲ, ಮತ್ತೆ "ಒಂದು ಪೆಗ್ ಬೇಕು" ಎಂಬ ಭಾವ! ಕಾಫಿಯನ್ನು ಅರ್ಧಕ್ಕಿಳಿಸಿ. ಕ್ಲೋಜಪೈನ್, ಒಲಾಂಜಪೈನ್ ಎಂಬ ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ಹೇಳಲೇಬೇಕು. ಅವುಗಳ ಮಟ್ಟವೂ ಹೀಗೆಯೇ ಏರುತ್ತದೆ.

ನಡುವೆ ಒಂದು ಸಿಗರೇಟು ಸೇದಿಬಿಟ್ಟರೆ ಪ್ಯಾಚ್ ಕಿತ್ತು ಹಾಕಬೇಡಿ, ಅದನ್ನು ಮುಂದುವರಿಸಿ. ಕುಡಿತದ ಚಿಕಿತ್ಸೆಯನ್ನಂತೂ ಬಿಡಲೇಬೇಡಿ.