ಲೈಬ್ರರಿಯಲ್ಲಿ ಎರಡು ಗೇಮ್ ಕಂಟ್ರೋಲರ್ ಇಟ್ರೆ?

ಭಾನುವಾರ ಮಗನನ್ನು ನಮ್ಮ ಏರಿಯಾ ಲೈಬ್ರರಿಗೆ ಕರೆದುಕೊಂಡು ಹೋಗಿದ್ದೆ. ನಾಲ್ಕು ಜನ ಹಿರಿಯರು, ಪೇಪರ್ ಮಗುಚೋ ಸದ್ದು, ಕಿರ್ರ್ ಅನ್ನೋ ಫ್ಯಾನು. ಐದೇ ನಿಮಿಷಕ್ಕೆ "ಅಪ್ಪಾ, ಹೋಗೋಣ್ವಾ?" ಅಂದ. ಮನೇಲಿ ಇದೇ ಹುಡುಗ ಮೈನ್‌ಕ್ರಾಫ್ಟ್ ಅನ್ನೋ ವಿಡಿಯೋ ಗೇಮ್‌ನಲ್ಲಿ ಕೋಟೆ ಕಟ್ಟೋಕೆ, ಅದರ ಸುತ್ತ ಕಂದಕ ತೋಡಿ ನೀರು ಬಿಡೋಕೆ ಎರಡು ಗಂಟೆ ಅಲ್ಲಾಡದೆ ಕೂರುತ್ತಾನೆ.

ಅಮೆರಿಕದ ಲೈಬ್ರರಿ ಸಂಘ 2008ರಲ್ಲೇ ನವೆಂಬರ್‌ನ ಒಂದು ಶನಿವಾರವನ್ನು ಆಟಕ್ಕೇ ಬಿಟ್ಟುಕೊಟ್ಟಿತ್ತು. ನಾವೂ ಆಸ್ತಿ ತೆರಿಗೆ ಜೊತೆ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ಅಲ್ವಾ? ಒಂದು ಹಳೇ ಟಿವಿ, ಅದಕ್ಕೊಂದು ಗೇಮ್ ಕನ್ಸೋಲ್, ಎರಡು ಕಂಟ್ರೋಲರ್, ಸರದಿಗೆ ಹೆಸರು ಬರೆಯೋಕೆ ಒಂದು ನೋಟ್‌ಬುಕ್ ಸಾಕು. ಕೋಣೆ ಮಾತ್ರ ಬೇರೆ ಬೇಕು, ಇಲ್ಲದಿದ್ರೆ ಕೆಎಎಸ್‌ಗೆ ಓದೋ ಹುಡುಗರು ನಮ್ಮನ್ನು ಓಡಿಸುತ್ತಾರೆ. ಪಕ್ಕದಲ್ಲೇ ಚಿತ್ರದುರ್ಗದ ಕೋಟೆ ಬಗ್ಗೆ ಪುಸ್ತಕ ಇಟ್ರೆ, ನನ್ನ ಮಗ ಕೈ ಹಾಕೇ ಹಾಕುತ್ತಾನೆ.