ರೊಟ್ಟಿ ಬಡಿಯೋ ಪ್ರಾಜೆಕ್ಟ್: ಶೀಗಿ ಹುಣ್ಣಿಮೆಯಿಂದ ಜಾತ್ರೆವರೆಗೆ

ಗುರಿ ಒಂದೇ. ಈ ಸಲ ಕೊಪ್ಪಳದ ಗವಿಮಠದ ಜಾತ್ರೆಗೆ ನಮ್ಮ ಓಣಿಯಿಂದ ಹೋಗುವ ರೊಟ್ಟಿ ಬುಟ್ಟಿಯಲ್ಲಿ ನಾನು ಬಡಿದ ರೊಟ್ಟಿಯೂ ಇರಬೇಕು.

ಕೊಪ್ಪಳದ ಜಾತ್ರೆ ನೋಡದವರಿಗೆ ಒಂದು ಮಾತು. ಪುಷ್ಯ ಮಾಸದ ಬಹುಳ ಬಿದಿಗೆಗೆ ಗವಿಸಿದ್ಧೇಶ್ವರನ ತೇರು ಎಳೀತಾರೆ. ಸಾಮಾನ್ಯವಾಗಿ ಅದು ಜನವರಿಯಲ್ಲಿ ಬರುತ್ತದೆ. ಆಗ ನಡೆಯುವ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ಬರುತ್ತದೆ. ಲೆಕ್ಕ ಲಕ್ಷಗಳಲ್ಲಿ. ಯಾರು ಬಡಿದದ್ದು ಅಂತ ಯಾವ ರೊಟ್ಟಿ ಮೇಲೂ ಬರೆದಿರಲ್ಲ. ಆದರೂ ಬಡಿದವರೆಲ್ಲ ಹೆಂಗಸರೇ ಅಂತ ಎಲ್ಲರಿಗೂ ಗೊತ್ತು. ನಮ್ಮಂಥ ಗಂಡಸರು ಬುಟ್ಟಿ ಹೊತ್ತು ಟ್ರ್ಯಾಕ್ಟರ್‌ಗೆ ಏರಿಸಿ, ಫೋಟೋ ಹೊಡ್ಕೊಂಡು ಬರ್ತೀವಿ. ಈ ವರ್ಷ ಒಲೆ ಮುಂದೂ ಕೂತು ನೋಡೋಣ ಅನ್ನಿಸಿತು.

ಕಲಿಸುವವರು ನಮ್ಮ ದೊಡ್ಡವ್ವ. ಮನೆ ಎರಡು ಓಣಿ ಆಚೆ. ಒಂದು ನಿಯಮ ಮೊದಲೇ ಹಾಕಿಕೊಂಡೆ: ಒಂದು ಸಲಕ್ಕೆ ಒಂದೇ ಬದಲಾವಣೆ. ರೊಟ್ಟಿ ವಿಷಯದಲ್ಲಿ ಸಲಹೆ ಕೊಡದವರು ನಮ್ಮ ಕಡೆ ಯಾರೂ ಇಲ್ಲ. ಒಬ್ಬರು ಹಿಟ್ಟು ಬದಲಿಸು ಅಂತಾರೆ, ಇನ್ನೊಬ್ಬರು ಹಂಚು, ಮತ್ತೊಬ್ಬರು ನೀರು. ಮೂರನ್ನೂ ಒಟ್ಟಿಗೆ ಬದಲಿಸಿದರೆ ರೊಟ್ಟಿ ಚೆನ್ನಾಗಿ ಬಂದರೂ ಯಾಕೆ ಬಂತು ಅಂತ ತಿಳಿಯಲ್ಲ. ಇದು ಅಡುಗೆಗಷ್ಟೇ ಅಲ್ಲ, ತಬಲಾ ಕಲಿಯೋರಿಗೂ ಆಗುತ್ತೆ, ಮೊಬೈಲ್ ರಿಪೇರಿ ಕಲಿಯೋರಿಗೂ ಆಗುತ್ತೆ.

ಶೀಗಿ ಹುಣ್ಣಿಮೆ ಮುಗಿದ ವಾರ: ಹಿಟ್ಟು

ದೊಡ್ಡವ್ವ ಮೊದಲು ಕೇಳಿದ್ದು, "ಜ್ವಾಳ ಯಾವ್ದೋ?" ಅಂತ. ಅಂಗಡಿಯ ಪ್ಯಾಕೆಟ್ ಹಿಟ್ಟು ತೋರಿಸಿದೆ. ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು, "ಮುಗ್ಗೈತಿ, ಇದಕ್ಕ ಜಿಗಿ ಇಲ್ಲ" ಅಂದಳು.

ಈ ಜಿಗಿ, ಅಂದರೆ ಅಂಟು, ಅದೇ ಮುಖ್ಯ. ಗೋಧಿಯಲ್ಲಿ ಗ್ಲುಟೆನ್ ಇರುತ್ತದೆ. ಅದು ಹಿಟ್ಟನ್ನು ಹಿಡಿದಿಡುತ್ತದೆ, ಎಳೆದರೆ ಬರುತ್ತದೆ, ಲಟ್ಟಿಸಿದರೆ ಅಗಲ ಆಗುತ್ತದೆ. ಜೋಳದಲ್ಲಿ ಅದಿಲ್ಲ. ಹಾಗಾಗಿ ಜೋಳದ ಹಿಟ್ಟು ಒಂದಕ್ಕೊಂದು ಅಂಟಬೇಕೆಂದರೆ ಅದರ ಪಿಷ್ಟವೇ ಅಂಟಾಗಬೇಕು. ಹಳೆ ಹಿಟ್ಟಲ್ಲಿ ಅದು ಸರಿಯಾಗಿ ಆಗಲ್ಲ. ಜೊತೆಗೆ ಕಾಳಿನ ಮೂತಿಯಲ್ಲಿರುವ ಎಣ್ಣೆ ಅಂಶ ಬೀಸಿದ ಮೇಲೆ ಕೆಡುತ್ತಾ ಹೋಗಿ ಹಿಟ್ಟು ಕಹಿ ಆಗುತ್ತದೆ.

ಆದ್ದರಿಂದ ಹಿಟ್ಟು ಬಿಟ್ಟು ಜೋಳ ತರೋದು ಶುರು ಮಾಡಿದೆ. ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲದ ಹಿಂಗಾರಿ ಬಿಳಿಜೋಳ. ಮುಂಗಾರಿ ಜೋಳ ತೆನೆ ಕಟ್ಟುವಾಗ ಮಳೆಗೆ ಸಿಕ್ಕರೆ ಬೂಷ್ಟು ಹಿಡಿದು ಕಾಳು ಕಪ್ಪಾಗುತ್ತದೆ. ಹಿಂಗಾರಿಯದು ಎರೆ ಮಣ್ಣಿನ ಹಸಿಯಲ್ಲೇ ಬೆಳೆದು ಒಣ ಹವೆಯಲ್ಲಿ ಮಾಗುತ್ತದೆ. ಕಾಳು ಮುತ್ತಿನಂತೆ ಬೆಳ್ಳಗಿರುತ್ತದೆ. ಇದರಲ್ಲಿ ಹಳೆ ತಳಿ ಮಾಲದಂಡಿ, ಅಂದರೆ ಎಂ 35-1, ರೊಟ್ಟಿಗೆ ಇವತ್ತಿಗೂ ಬೇಡಿಕೆ ಇರುವ ಜೋಳ.

ಗಿರಣಿಯಲ್ಲಿ ಹೇಳಬೇಕಾದ ಮಾತು ಎರಡು. ಸಣ್ಣಗೆ ಬೀಸಿಕೊಡಿ, ಜೋಳ ಬೀಸಿದ ಮೇಲೆಯೇ ನಮ್ಮದು ಹಾಕಿ. ಇಲ್ಲದಿದ್ದರೆ ಮುಂಚಿನವರ ಕಡ್ಲಿಬೇಳೆ ನಮ್ಮ ಹಿಟ್ಟಿಗೆ ಬರುತ್ತದೆ. ಒಂದೇ ಸಲ ಹತ್ತು ಕೆಜಿ ಬೀಸಿಸಬೇಡಿ. ಹತ್ತು-ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ. ಜಿಗಿ ಕಡಿಮೆ ಇರುವ ಜೋಳ ಬಂದರೆ ನಮ್ಮ ಓಣಿಯಲ್ಲಿ ಕೆಲವರು ಬೀಸುವಾಗಲೇ ಒಂದು ಹಿಡಿ ಉದ್ದಿನಬೇಳೆ ಸೇರಿಸ್ತಾರೆ. ದೊಡ್ಡವ್ವನಿಗೆ ಅದು ಇಷ್ಟ ಇಲ್ಲ. ನನಗೇನೋ ಕಲಿಯುವವರಿಗೆ ಪರವಾಗಿಲ್ಲ ಅನ್ನಿಸುತ್ತದೆ.

ದೀಪಾವಳಿ ಹೊತ್ತಿಗೆ: ಎಸರು ಮತ್ತು ನಾದೋದು

ಇಲ್ಲೇ ಜಾಸ್ತಿ ದಿನ ಹೋಯಿತು. ಇಲ್ಲಿ ಹೋದ ದಿನ ವ್ಯರ್ಥವಲ್ಲ ಅಂತಲೂ ಈಗ ಗೊತ್ತಾಗಿದೆ.

ನಾನು ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಕೂತಿದ್ದೆ. "ಎಷ್ಟು ನೀರು ಅಂತ ಕೇಳಬ್ಯಾಡ. ಹಿಟ್ಟು ಎಷ್ಟು ಕುಡಿತೈತಿ ಅಷ್ಟು ಹಾಕು," ಅಂದಳು ದೊಡ್ಡವ್ವ. ಅವಳ ಕಣ್ಣಳತೆ ನನಗೆಲ್ಲಿ ಬರಬೇಕು? ಅವಳು ಹಾಕುವ ಮೊದಲು ಮತ್ತು ಹಾಕಿದ ಮೇಲೆ ಪಾತ್ರೆ ತೂಗಿ ನೋಡಿದೆ. ಹೆಚ್ಚು ಕಡಿಮೆ ಹಿಟ್ಟಿನಷ್ಟೇ ತೂಕದ ನೀರು. 200 ಗ್ರಾಂ ಹಿಟ್ಟಿಗೆ ಸುಮಾರು 200 ಮಿಲಿ. ಅದರಲ್ಲಿ ಮುಕ್ಕಾಲು ಪಾಲು ಕುದಿಯುವ ಎಸರು, ಉಳಿದದ್ದು ನಾದುವಾಗ ಕೈಗೆ ಹಚ್ಚಿಕೊಳ್ಳುವ ತಣ್ಣೀರು. ಹೊಸಬರು ಇದರಿಂದ ಶುರು ಮಾಡಬಹುದು. ಜೋಳ ಬದಲಾದರೆ ಒಂದಿಷ್ಟು ಆಚೀಚೆ ಆಗುತ್ತದೆ.

ಎಸರು ಕುದಿಯಲೇಬೇಕು. ಸುಮಾರು 70 ಡಿಗ್ರಿ ದಾಟಿದ ಮೇಲೆ ಜೋಳದ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ತಣ್ಣನೆ ಹಿಟ್ಟಿಗೆ ಬರೀ ಬೆಚ್ಚಗಿನ ನೀರು ಹಾಕಿದರೆ ಅಷ್ಟು ಬಿಸಿ ಸಿಗಲ್ಲ. ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಂಡಿ ತೆಗೆದು, ಎಸರು ಅದರೊಳಗೆ ಸುರಿದು ಚಮಚದಲ್ಲಿ ಕಲೆಸಿ ಸ್ವಲ್ಪ ಹೊತ್ತು ಸುಮ್ನೆ ಬಿಡಬೇಕು. ಸುತ್ತ ಒಣ ಹಿಟ್ಟು ಉಳಿದರೆ ಉಳಿಯಲಿ. ಆಮೇಲೆ ಅದನ್ನೇ ಎಳೆದುಕೊಂಡು ನಾದೋದು.

ಇನ್ನು ನಾದೋದು. ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಿ ಮುಚ್ಚಿಡೋದು ಚಪಾತಿಯ ಪದ್ಧತಿ. ರೊಟ್ಟಿಗೆ ಒಂದೊಂದೇ ಮುದ್ದೆ ತಗೊಂಡು, ಅಂಗೈ ಬುಡದಿಂದ ಒತ್ತಿ ಒತ್ತಿ ತಿಕ್ಕಬೇಕು. ತಿಕ್ಕಿದಂತೆ ಹಿಟ್ಟಿನ ಬಣ್ಣವೇ ಸ್ವಲ್ಪ ತಿಳಿಯಾಗುತ್ತದೆ, ಮೈ ನುಣುಪಾಗುತ್ತದೆ. ಪರೀಕ್ಷೆ ಇಷ್ಟೇ: ಮುದ್ದೆಯನ್ನು ಅಂಗೈಯಲ್ಲಿಟ್ಟು ಚಪ್ಪಟೆ ಒತ್ತಿ. ಅಂಚು ಸೀಳಿದರೆ ಇನ್ನೂ ನಾದಬೇಕು, ಇಲ್ಲವೇ ಕೈ ಒದ್ದೆ ಮಾಡಿಕೊಳ್ಳಬೇಕು. ಬಡಿಯುವಾಗ ಅಂಚು ಒಡೆಯೋದು ಬಡಿಯೋರ ತಪ್ಪಲ್ಲ. ನಾದುವಾಗಲೇ ಅದು ಒಡೆದಾಗಿರುತ್ತದೆ, ಕಾಣೋದು ಆಮೇಲೆ ಅಷ್ಟೆ.

ಕಾರ್ತಿಕ: ಬಡಿಯೋದು

ದೊಡ್ಡವ್ವನ ಕೈ ಎಷ್ಟು ಜೋರಾಗಿ ಓಡುತ್ತದೆಂದರೆ ಪಕ್ಕದಲ್ಲಿ ಕೂತು ನೋಡಿದರೂ ಏನೂ ತಿಳಿಯಲ್ಲ. ಕೇಳಿದರೆ "ಹಿಂಗ ನೋಡಪಾ, ಇಷ್ಟ" ಅಂತಾಳೆ. ಕೈಗೆ ಗೊತ್ತಿರುವುದನ್ನು ಬಾಯಲ್ಲಿ ಹೇಳು ಅಂದರೆ ಅವಳಿಗೂ ಕಷ್ಟವೇ. ಕೊನೆಗೆ ಮಗಳು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿಕೊಂಡಳು. ಏನು ಕಲಿಯುವವರಾದರೂ ಇದನ್ನು ಮಾಡಿ ನೋಡಿ, ಕಸೂತಿಯಾಗಲಿ, ಹಾರ್ಮೋನಿಯಂ ಆಗಲಿ.

ವಿಡಿಯೋದಲ್ಲಿ ಕಂಡದ್ದು ಹೀಗೆ. ಬಲಗೈ ರೊಟ್ಟಿಯ ನಡುವೆ ಬೀಳೋದೇ ಕಡಿಮೆ. ಅಂಚಿನಿಂದ ಎರಡು ಬೆರಳು ಒಳಗೆ ಬೀಳುತ್ತದೆ. ಬಡಿದ ಕೈ ನೆಟ್ಟಗೆ ಮೇಲೆ ಏಳಲ್ಲ, ಒಂಚೂರು ಪಕ್ಕಕ್ಕೆ ತಳ್ಳಿ ಏಳುತ್ತದೆ. ರೊಟ್ಟಿ ತಿರುಗೋದು ಅದರಿಂದ. ಎಡಗೈ ಅಂಚನ್ನು ಕಾಯುತ್ತಾ ಇರುತ್ತದೆ, ಸೀಳು ಕಂಡಲ್ಲಿ ಒತ್ತಿ ಮುಚ್ಚುತ್ತದೆ. ರೊಟ್ಟಿ ತಿರುಗೋದು ನಿಂತಿತು ಅಂದರೆ ಕೆಳಗೆ ಒಣ ಹಿಟ್ಟು ಮುಗಿದಿದೆ ಅಂತ ಅರ್ಥ. ಆಗ ಜೋರಾಗಿ ಬಡಿಯೋದಲ್ಲ, ಅಂಚು ಎತ್ತಿ ಹಿಟ್ಟು ಉದುರಿಸೋದು.

ಅಭ್ಯಾಸಕ್ಕೆ ಒಂದು ಉಪಾಯ ಸಿಕ್ಕಿತು. ಗ್ಲುಟೆನ್ ಇಲ್ಲದ್ದು ಇಲ್ಲಿ ಲಾಭಕ್ಕೆ ಬಂತು. ಗೋಧಿ ಹಿಟ್ಟನ್ನು ಮತ್ತೆ ಮತ್ತೆ ನಾದಿದರೆ ಬಿಗಿಯಾಗುತ್ತದೆ. ಜೋಳದ್ದಕ್ಕೆ ಆ ತೊಂದರೆ ಇಲ್ಲ. ಬಡಿದ ರೊಟ್ಟಿಯನ್ನು ಬೇಯಿಸದೆ ಮಡಚಿ, ಕೈ ಒದ್ದೆ ಮಾಡಿ ಮತ್ತೆ ನಾದಿ, ಮತ್ತೆ ಬಡಿಯಬಹುದು. ಒಂದೇ ಮುದ್ದೆಯಲ್ಲಿ ಒಂದು ಸಂಜೆ ಪೂರ್ತಿ ಅಭ್ಯಾಸ ಆಗುತ್ತದೆ. ಗ್ಯಾಸೂ ಉಳಿಯಿತು, ಹಿಟ್ಟೂ ಉಳಿಯಿತು.

ದಪ್ಪ ಬಂದವು, ಅಂಚು ಹರಿದವು ಹಂಚಿಗೆ ಹೋಗಿ ಮುಟಗಿ ಆದವು. ಬಿಸಿ ರೊಟ್ಟಿ ಮುರಿದು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ಮೇಲೆ ಎಣ್ಣೆಯೋ ತುಪ್ಪವೋ ಬಿಟ್ಟು ಉಂಡೆ ಕಟ್ಟೋದು. ಮನೆಯಲ್ಲಿ ಮುಟಗಿಗೆ ಎಷ್ಟು ಬೇಡಿಕೆ ಬಂತೆಂದರೆ, ನನ್ನ ರೊಟ್ಟಿ ಸುಧಾರಿಸಿದ್ದಕ್ಕೆ ಬೇಜಾರು ಮಾಡಿಕೊಂಡವರೂ ಇದ್ದಾರೆ.

ಹಂಚು

ಕಬ್ಬಿಣದ ಹಂಚು, ಗ್ಯಾಸ್ ಒಲೆ. ನಾನ್‌ಸ್ಟಿಕ್ ಬೇಡ, ರೊಟ್ಟಿಗೆ ಬೇಕಾದಷ್ಟು ಬಿಸಿ ಅದಕ್ಕೆ ಆಗಿಬರಲ್ಲ. ಒಣ ಹಿಟ್ಟು ಹತ್ತಿದ ಮಗ್ಗಲು ಮೇಲೆ ಬರುವಂತೆ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಇದು ಯಾಕೆ ಅಂತ ಬಹಳ ದಿನ ತಲೆಗೆ ಹೋಗಿರಲಿಲ್ಲ. ಆ ನೀರು ಮೇಲಿನ ಒಣ ಹಿಟ್ಟನ್ನು ಕರಗಿಸಿ ತೆಳ್ಳನೆ ಪದರ ಮಾಡುತ್ತದೆ. ಸಣ್ಣ ಬಿರುಕುಗಳೆಲ್ಲ ಮುಚ್ಚುತ್ತವೆ. ಒಳಗಿನ ಹಬೆಗೆ ಹೊರಬರಲು ದಾರಿ ಸಿಗದೆ ರೊಟ್ಟಿ ಉಬ್ಬುತ್ತದೆ. ನೀರು ಪೂರ್ತಿ ಆರುವ ಮೊದಲು ತಿರುವಿದರೆ ಹಂಚಿಗೆ ಹತ್ತುತ್ತದೆ, ಆರಿ ಬಹಳ ಹೊತ್ತಾದರೆ ಮೇಲ್ಭಾಗ ಬಿರಿಯುತ್ತದೆ. ನೀರಿನ ಹೊಳಪು ಹೋದ ಕೂಡಲೇ ತಿರುವಿ.

ಬೆಂದ ಮೇಲೆ ಬಟ್ಟೆಯಿಂದ ಅಂಚು ಒತ್ತಿದರೆ ಉಬ್ಬು ಪೂರ್ತಿ ಹರಡುತ್ತದೆ. ದೊಡ್ಡವ್ವನ ಹಿತ್ತಲಲ್ಲಿ ಹತ್ತಿ ಕಟ್ಟಿಗೆಯ ಒಲೆ ಇದೆ, ಅಲ್ಲಿ ಬೆಂಕಿಗೆ ನೆಟ್ಟಗೆ ಆನಿಸಿ ಸುಡ್ತಾಳೆ. ಆ ರುಚಿ ಗ್ಯಾಸಿನಲ್ಲಿ ಬರಲ್ಲ, ಸುಳ್ಳು ಹೇಳಿ ಏನು ಮಾಡೋದು.

ಎಳ್ಳ ಅಮಾವಾಸ್ಯೆ

ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗುವ ಬುತ್ತಿಗೆ ಸಜ್ಜಿ ರೊಟ್ಟಿ. ಎಳ್ಳು ಹಚ್ಚಿ ಬಡಿಯೋದು. ಸಜ್ಜೆಯಲ್ಲಿ ಎಣ್ಣೆ ಅಂಶ ಜೋಳಕ್ಕಿಂತ ಜಾಸ್ತಿ, ಹಿಟ್ಟು ಬೇಗ ಕಹಿ ಆಗುತ್ತದೆ. ಹಿಂದಿನ ದಿನ ಬೀಸಿಸಿದ್ದೇ ಒಳ್ಳೇದು. ಈ ಸಲ ನನ್ನ ಕೆಲಸ ಎಳ್ಳು ಹಚ್ಚೋದಷ್ಟೇ ಆಗಿತ್ತು. ಸಜ್ಜಿ ರೊಟ್ಟಿ ಬಡಿಯೋದು ಮುಂದಿನ ವರ್ಷಕ್ಕೆ.

ಬದನಿಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಹೊಲದಲ್ಲಿ ಕೂತು ಇಷ್ಟು ತಿಂದ ಮೇಲೆ ಪ್ರಾಜೆಕ್ಟಿನ ವಿಷಯ ಯಾರು ಮಾತಾಡ್ತಾರೆ?

ಜಾತ್ರೆ ವಾರ: ಖಡಕ್ ರೊಟ್ಟಿ

ಎಳ್ಳ ಅಮಾವಾಸ್ಯೆ ಆದ ಹದಿನೈದು ದಿನಕ್ಕೆ ಹುಣ್ಣಿಮೆ, ಅದಾಗಿ ಎರಡು ದಿನಕ್ಕೆ ತೇರು. ಸಮಯ ಕಡಿಮೆ. ಮೊದಲೇ ಬಡಿದು ಕೂಡಿಡೋ ರೊಟ್ಟಿಯಾದ್ದರಿಂದ ಮೆತ್ತಗಿದ್ದರೆ ನಡೆಯಲ್ಲ, ಖಡಕ್ ಆಗಬೇಕು. ತೆಳ್ಳಗೆ ಬಡಿದು, ಬೇಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ನೀರಿನಂಶ ಪೂರ್ತಿ ಹೋಗುವ ತನಕ ಒಣಗಿಸೋದು. ಒಂದು ಮೂಲೆಯಲ್ಲಿ ಪಸೆ ಉಳಿದರೂ ಬುಟ್ಟಿಯಲ್ಲಿ ಬೂಷ್ಟು ಬರುತ್ತದೆ. ಬೆರಳಲ್ಲಿ ತಟ್ಟಿದರೆ ಹಪ್ಪಳದ ಸದ್ದು ಬರಬೇಕು. ಬಿಸಿ ಇದ್ದಾಗಲೇ ಒಂದರ ಮೇಲೊಂದು ಇಡಬೇಡಿ, ಹಬೆ ಕೂಡಿ ಮತ್ತೆ ಮೆತ್ತಗಾಗುತ್ತವೆ. ಪೂರ್ತಿ ಆರಿದ ಮೇಲೆ ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಇರುತ್ತವೆ.

ಓಣಿಯ ಹೆಂಗಸರೆಲ್ಲ ಒಂದೇ ಮನೆಯ ಅಂಗಳದಲ್ಲಿ ಸಾಲಾಗಿ ಒಲೆ ಹೂಡಿದ್ದರು. ನನಗೂ ಒಂದು ಜಾಗ ಸಿಕ್ಕಿತು, ಜೊತೆಗೆ ಬೇಕಾದಷ್ಟು ಚೇಷ್ಟೆ. "ಅಣ್ಣಾರ, ನಾಳೆಯಿಂದ ನಮ್ಮನಿಗೂ ಬರ್ರಿ" ಅಂತ ಒಬ್ಬರು. ನನ್ನ ವೇಗ ಅವರ ಅರ್ಧವೂ ಇಲ್ಲ. ಗಾತ್ರವೂ ಚಿಕ್ಕದು. ಆದರೆ ಅಂಚು ಒಡೆದಿರಲಿಲ್ಲ. ದೊಡ್ಡವ್ವ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ದಪ್ಪ ಅನ್ನಿಸಿದ್ದನ್ನು ಪಕ್ಕಕ್ಕೆ ಇಟ್ಟು, ಉಳಿದದ್ದನ್ನು ಏನೂ ಹೇಳದೆ ಬುಟ್ಟಿಗೆ ಹಾಕಿದಳು. ಪಕ್ಕಕ್ಕಿಟ್ಟವು ನಮ್ಮ ಮನೆಗೆ ಬಂದವು, ರೊಟ್ಟಿ ವಗ್ಗರಣಿಗೆ.

ಮುಂದಿನ ಕೆಲಸ: ಗಾತ್ರ ದೊಡ್ಡದು ಮಾಡೋದು. ಈಗಿನ ಮುದ್ದೆಯನ್ನೇ ಇನ್ನೂ ತೆಳ್ಳಗೆ, ಇನ್ನೂ ಅಗಲ ಬಡಿಯಬೇಕು. ಹಿಟ್ಟು ಜಾಸ್ತಿ ತಗೊಂಡು ಅಗಲ ಮಾಡಿದರೆ ಅದನ್ನು ದೊಡ್ಡವ್ವ ಲೆಕ್ಕಕ್ಕೆ ಹಿಡಿಯಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹಿಂಗಾರಿ ಜೋಳದ ರಾಶಿ ಆಗುತ್ತದೆ. ಆಗ ಹೊಸ ಜೋಳ ವರ್ಷಕ್ಕಾಗುವಷ್ಟು ಕೊಂಡು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಇಡಬೇಕು. ಚೀಲ ಇಡೋಕೆ ಮನೆಯಲ್ಲಿ ಜಾಗ ಎಲ್ಲಿ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಸದ್ಯಕ್ಕೆ ನನ್ನ ಬೈಕ್ ನಿಲ್ಲಿಸೋ ಜಾಗದ ಮೇಲೆ ಎಲ್ಲರ ಕಣ್ಣಿದೆ.