ಮೇಲ್ ಸರ್ವರಿಗೆ ಸ್ಪ್ಯಾಮ್ ಫಿಲ್ಟರ್

ಶನಿವಾರ, 15 ಜೂನ್ 2024, ಬೆಂಗಳೂರು

ಆಫೀಸಿನ ಮೇಲ್ ಸರ್ವರ್ ಇವತ್ತು ಡೆಬಿಯನ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) 10ರಿಂದ 12ಕ್ಕೆ ಬಂತು. ಹಳೆಯದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಈ 30ಕ್ಕೆ ನಿಲ್ಲುತ್ತದೆ, ಇನ್ನು ಮುಂದಕ್ಕೆ ಹಾಕುವ ಹಾಗಿರಲಿಲ್ಲ. ಹೇಗೂ ಸರ್ವರ್ ನಿಲ್ಲಿಸ್ತೀರಲ್ಲ, ಸ್ಪ್ಯಾಮ್ ಫಿಲ್ಟರೂ ಹಾಕಿಬಿಡಿ ಅಂದರು ಮ್ಯಾನೇಜರ್.

ಮೇಲ್ ಕಳಿಸಿ ತಗೊಳ್ಳುವ ಪೋಸ್ಟ್‌ಫಿಕ್ಸ್ ಜೊತೆಗೆ ಆರ್‌ಸ್ಪ್ಯಾಮ್‌ಡಿ ಅನ್ನುವ ಫಿಲ್ಟರ್ ಹಾಕಿದೆ. ಅದು ಬಂದ ಪ್ರತಿ ಮೇಲ್‌ಗೂ ಮಾರ್ಕ್ಸ್ ಕೊಡುತ್ತದೆ. ಡಿಫಾಲ್ಟ್ ಆಗಿ 4 ಬಂದರೆ 'ಸ್ವಲ್ಪ ಬಿಟ್ಟು ಮತ್ತೆ ಕಳಿಸು', 6 ಬಂದರೆ ಸ್ಪ್ಯಾಮ್ ಅಂತ ಗುರುತು, 15 ಬಂದರೆ ಸೀದಾ ವಾಪಸ್. ನಾನು ಗುರುತು ಹಾಕುವುದೊಂದನ್ನೇ ಉಳಿಸಿಕೊಂಡೆ. ಜಂಕ್ ಫೋಲ್ಡರಿಗೆ ಹೋದ ಆರ್ಡರ್ ಹುಡುಕಿದರೆ ಸಿಗುತ್ತದೆ, ವಾಪಸ್ ಹೋದದ್ದು ನಮ್ಮ ಕೈಗೆ ಬರುವುದೇ ಇಲ್ಲ. 'ಮತ್ತೆ ಕಳಿಸು' ಅನ್ನುವುದೂ ಬೇಡ. ಬ್ಯಾಂಕಿನ ಒಟಿಪಿ ಅದರಲ್ಲಿ ಸಿಕ್ಕಿಕೊಂಡರೆ ಅಕೌಂಟ್ಸ್ ಮೇಡಂ ಸುಮ್ನೆ ಬಿಡ್ತಾರಾ?

ಮಧ್ಯಾಹ್ನವೆಲ್ಲ ತಿಂದದ್ದು ಡಿಎನ್ಎಸ್, ಅಂದರೆ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ವ್ಯವಸ್ಥೆ. ಕಣ್ಣಿಗೆ ಕಾಣುವಂಥ ಸ್ಪ್ಯಾಮ್ ಕೂಡ ಕಡಿಮೆ ಮಾರ್ಕ್ಸ್ ತಗೊಂಡು ಒಳಗೆ ಬರುತ್ತಿತ್ತು. ಸ್ಪ್ಯಾಮ್‌ಹೌಸ್ ಅಂತ ಒಂದು ಸಂಸ್ಥೆ ಇದೆ, ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿ ಇಟ್ಟಿರುತ್ತದೆ. ಆ ಪಟ್ಟಿಯನ್ನು ಕೇಳುವುದೂ ಡಿಎನ್ಎಸ್ ಮೂಲಕವೇ. ಟೆಸ್ಟಿಗೆಂದೇ ಇರುವ 127.0.0.2 ಅನ್ನು ಡಿಗ್ ಅನ್ನುವ ಡಿಎನ್ಎಸ್ ಕಮಾಂಡ್‌ನಲ್ಲಿ ತಿರುಗಿಸಿ ಹಾಕಿ ಕೇಳಿದೆ. ಬಂದ ಉತ್ತರ 127.255.255.254. ಅಂದರೆ 'ಪಬ್ಲಿಕ್ ರಿಸಾಲ್ವರ್ ಮೂಲಕ ಬಂದವರಿಗೆ ಹೇಳುವುದಿಲ್ಲ' ಅಂತ. ರಿಸಾಲ್ವರ್ ಅಂದರೆ ನಮ್ಮ ಪರವಾಗಿ ಡಿಎನ್ಎಸ್ ಕೇಳಿ ಹೇಳುವ ಸರ್ವರ್. ನೋಡಿದರೆ ಹೊಸ ಮೆಷಿನ್‌ನ ರಿಸಾಲ್ವ್ ಫೈಲಿನಲ್ಲಿ ಗೂಗಲ್‌ನ ಪಬ್ಲಿಕ್ ರಿಸಾಲ್ವರ್ 8.8.8.8 ಕೂತಿತ್ತು, ಮೆಷಿನ್ ಕೊಟ್ಟವರೇ ಹಾಕಿಟ್ಟಿದ್ದು. ಅದನ್ನು ತೆಗೆದು ಇದೇ ಮೆಷಿನ್‌ನಲ್ಲಿ ಅನ್‌ಬೌಂಡ್ ಅನ್ನುವ ನಮ್ಮದೇ ರಿಸಾಲ್ವರ್ ಹಾಕಿದೆ. ಮತ್ತೆ ಕೇಳಿದಾಗ 127.0.0.2, 127.0.0.4 ಅಂತ, ಅಂದರೆ 'ಪಟ್ಟಿಯಲ್ಲಿದೆ' ಅನ್ನುವ ಸರಿಯಾದ ಉತ್ತರ ಬಂತು. ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಕೆಲವು ಕಡೆ ಆ 'ಹೇಳುವುದಿಲ್ಲ'ವನ್ನೇ 'ಪಟ್ಟಿಯಲ್ಲಿದೆ' ಅಂತ ತಿಳಿದು, ಬರುವ ಮೇಲನ್ನೆಲ್ಲ ವಾಪಸ್ ಕಳಿಸುವ ಸೆಟ್ಟಿಂಗ್ ಇರುತ್ತದೆ.

ಸಂಜೆ ಜಂಕ್ ಫೋಲ್ಡರ್ ತೆಗೆದರೆ ಲಾಟರಿ, ಸಾಲ, 'ನಿಮ್ಮ ಮೇಲ್‌ಬಾಕ್ಸ್ ತುಂಬಿದೆ'. ಅವುಗಳ ಮಧ್ಯೆ ನಮ್ಮ ಹಳೇ ಸಪ್ಲೈಯರ್ ಒಬ್ಬರ ಕೊಟೇಶನ್. ಅವರು ಸರ್ವರ್ ಬದಲಾಯಿಸಿದ್ದಾರೆ, ಎಸ್‌ಪಿಎಫ್‌ನಲ್ಲಿ (ಅವರ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ಹಳೇ ಐಪಿಯೇ ಇದೆ. ಸಾಲದ್ದಕ್ಕೆ ಸಬ್ಜೆಕ್ಟ್ ಪೂರ್ತಿ ದೊಡ್ಡಕ್ಷರದಲ್ಲಿ 'ಅರ್ಜೆಂಟ್'. ಫೋನ್ ಮಾಡಿ ಹೇಳಿದೆ. "ನಿಮ್ಮ ಕಡೆನೇ ಪ್ರಾಬ್ಲಂ ಇರ್ಬೇಕು ಸರ್, ನಮ್ದೆಲ್ಲ ಸರಿಯಾಗಿದೆ" ಅಂದರು! ಸದ್ಯಕ್ಕೆ ಅವರ ಡೊಮೇನನ್ನು ವೈಟ್‌ಲಿಸ್ಟಿಗೆ ಸೇರಿಸಿದ್ದೇನೆ.

ಸೋಮವಾರ ಎಲ್ಲರಿಗೂ ಒಂದು ಮಾತು ಹೇಳಬೇಕು. ಸ್ಪ್ಯಾಮ್ ಬಂದರೆ ಡಿಲೀಟ್ ಮಾಡಬೇಡಿ, ಜಂಕ್‌ಗೆ ಎಳೆದು ಹಾಕಿ. ಒಳ್ಳೇದು 200, ಕೆಟ್ಟದ್ದು 200 ನೋಡುವ ತನಕ ಬಂದ ಮೇಲ್ ನೋಡಿ ಕಲಿಯುವ ಫಿಲ್ಟರಿನ ಬೇಯ್ಸ್ (Bayes) ಲೆಕ್ಕ ಶುರುವಾಗುವುದೇ ಇಲ್ಲ.